ನಿರಗಿ ಕಲ್ಲು

ಕೆರೂರಿನ ಪೋಸ್ಟ್ ಆಫೀಸಿನೊಳಗ ಇಪ್ಪತ್ತೆರಡು ವರ್ಷ
ಮಂದಿ ಊರಿನ ಹೆಸರಿನ ಮ್ಯಾಲ ಠಸ್ಸೆ ಹೊಡದು ಹೊಡದು
ಈ ಸಲ ಎಲ್‌ಟಿಸಿ ತಗೊಂಡು ಅಂಡಮಾನಕ್ಕ ಹೋದೆ.

ದ್ವೀಪದ ದೋಣಿ ಹತ್ತೂ ಮುಂದ ಚೀಲ ಬಿಚ್ಚಿ ನೋಡಿದರು,
ಪ್ಲಾಸ್ಟಿಕ್ ಬಾಟ್ಲಿ ಇಲ್ಲೇ ಇಡ್ರಿ ಅಂದರು.
ಬರೂ ಮುಂದ ಮತ್ತ ನೋಡಿದರು:
ಒಂದು ಚಿಪ್ಪು, ಒಂದು ಹರಳು, ಹಿಡಿ ಉಸುಕು ಸುದ್ದಾ
ಒಯ್ಯೂಹಂಗಿಲ್ಲ.
ಕಲ್ಲು ಕಡಿಯೂವನ ಮಗಳಿಗೆ ಇದು ಹೊಸಾದು.
ನಮ್ಮಲ್ಲಿ ಗುಡ್ಡಕ್ಕ ಗುಡ್ಡನಽ ಲಾರಿ ಹತ್ತಿ ಹೋಗತಿತ್ತು.

ಈಸು ಬರೂದಿಲ್ಲ ನನಗ.
ನಾ ಕಂಡ ನೀರಂದ್ರ ಕೊಡದ ಬಾಯಷ್ಟ ಅಗಲ.
ಮೂಗು ಮುಚ್ಚೂ ಕನ್ನಡಕ ಹಾಕಿ, ಬಾಯಾಗ ನಳಿಗಿ ಕೊಟ್ಟು,
ರಬ್ಬರ್ ಟ್ಯೂಬಿಗೆ ಜೋತು ಬಿದ್ದ ನನ್ನನ್ನ
ತಪನ ಅನ್ನೂ ಹುಡುಗ ಎಳಕೊಂಡು ಹೋದ,
ಸಂತಿಗೆ ಎಮ್ಮಿ ಎಳದಂಗ.

ಮುಖ ಮುಳಗಿಸಿದೆ.
ಮೊದಲಿಗೆ ನನ್ನ ಉಸುರಿನ ಸಪ್ಪಳ ಅಷ್ಟ.
ಆಮ್ಯಾಲ ಹವಳ. ಮೆದುಳಿನಂಥಾದ್ದು, ಜಿಂಕಿ ಕೋಡಿನಂಥಾದ್ದು.
ಗಿಣಿಹಸರು ಮೀನೊಂದು ಕಲ್ಲನ್ನ ಕಟಕಟ ತಿನ್ನಾಕತ್ತಿತ್ತು,
ತಿಂದು, ಹಿಂದಿನಿಂದ ಬಿಳಿ ಉಸುಕು ಬಿಟಗೋತ ಹೋತು.
ಕಲ್ಲು ಒಡದು ಹೊಟ್ಟಿ ತುಂಬಿಸಿಕೊಳ್ಳಾವರು
ಇಲ್ಲೂ ಅದಾರ ಅಂದುಕೊಂಡೆ.

ಹವಳ ಮುಗದಲ್ಲೆ ಉಸುಕು ಶುರುವಾತು.
ಬರೇ ಉಸುಕು. ಮೀನಿಲ್ಲ. ಮಂದಿ ತಲಿ ಎತ್ತಿ ತಿರುಗಿದರು.
ನಾ ತಿರುಗಲಿಲ್ಲ.
ಆ ಉಸುಕಿನ ಮ್ಯಾಲ ಗೆರಿ, ಗೆರಿ ಬಾಜೂಕ ಗೆರಿ,
ಉಟ್ಟ ಸೀರಿ ನಿರಗಿ ಹಂಗ.
ಇದನ್ನ ನಾ ಒರಸೇನಿ.
ದಿನಾ ಒರಸೇನಿ, ಮಣಕಾಲೂರಿ, ಹಸಿ ಅರಬಿಲೆ,
ನಮ್ಮ ಅಡಗಿಮನ್ಯಾಗ.

ಗೆರಿ ಬಿದ್ದ ಫರಸಿ ಗಿರಾಕಿ ಒಲ್ಲೆ ಅಂತಿದ್ದ,
ಮೌಲಾಲಿ ಮುಕಾದಮ ಕಾಲಲೆ ಒದ್ದು ಸರಸತಿದ್ದ.
ಹಂಗ ಒಲ್ಲದ ಕಲ್ಲು ಸೈಕಲ್ ಮ್ಯಾಲ ಒಂದೊಂದ ಹೇರಿ ತಂದು
ಅಪ್ಪ ಮನಿ ಹಾಸಿದ. ನಿರಗಿ ಕಲ್ಲು ಅಂತ ಹೆಸರಿಟ್ಟ.
ಅವ್ವ ಕಡೀತನಕಾ ಬೈದಳು:
ಮಣಿ ನೆಟ್ಟಗ ಕುಂಡ್ರೂದಿಲ್ಲ, ಸಾರಿನ ಬೋಗಾಣಿ ಓಲ್ಯಾಡತೈತಿ.

ತಿರುಗಿ ಬಂದು ಅಪ್ಪಗ ಹೇಳಿದೆ,
ನೀ ಹಾಸಿದ್ದು ಸಮುದ್ರದ ತಳಾ.
ಅಂವ ಕೆಮ್ಮಿದ. ಕೆಮ್ಮು ಮುಗಿಯೂತನಕಾ ನಿಂತೆ.
"ಕೆರೂರಾಗ?" ಅಂದ.
"ಯಾರೂ ಹುಟ್ಟೂಕಿಂತ ಮೊದಲ. ಈ ಗುಡ್ಡ ಹುಟ್ಟೂಕಿಂತ ಮೊದಲ."
ಬಾಳ ಹೊತ್ತು ಸುಮ್ಮನಿದ್ದು, "ಅದಕ್ಕ ಮತ್ತ," ಅಂದ,
"ಉಳಿ ಹೊಡದರ ಆ ಕಲ್ಲು ಪದರ ಪದರ ಬಿಡತಿತ್ತು."

ಅಲ್ಲಿ ಪೇಟ್ಯಾಗ ಕೊಂಡ ಕನ್ನಡಕ, ನಳಿಗಿ,
ಅದಽ ತಂದಿದ್ದೆ. ಮತ್ತೇನ ತರಾಕ ಬಿಡಲಿಲ್ಲಲ್ಲ.
"ಉಸುರು ಬಾಯಿಲೆ ತಗೋಬೇಕಪಾ, ಸಾವಕಾಶ."
"ನಲವತ್ತ ವರ್ಷ ಆತು, ಬಾಯಿಲೇ ತಗೊಳ್ಳಾಕತ್ತೇನಿ."

ಒಂದು ತಂಬಿಗಿ ನೀರು ನೆಲಕ್ಕ ಹೊಯ್ದೆ.
ನಿರಗಿ ನಿರಗ್ಯಾಗ ನಿಂತಿತು, ಕಿಡಕಿ ಬೆಳಕು ಅದರಾಗ ಅಲ್ಲಾಡಿತು.
ಅಪ್ಪ ಡಬ್ಬ ಮಲಗಿದ, ಗಾಜಿನ ಹಿಂದ ಕಣ್ಣು ತೆರಕೊಂಡು.
ಅವನ ಎದಿಯೊಳಗಿನ ಗರಗರ
ನಳಿಗ್ಯಾಗಿಂದ ಮನಿತುಂಬ ಕೇಳಿತು.
"ಏನ ಕಾಣತೈತಿ?" ಅಂದೆ.
ಒಂದು ಕೈ ಎತ್ತಿ
ಸುಮ್ಮನಿರು ಅಂತ ಸನ್ನಿ ಮಾಡಿದ.