ಕಿವಿಯ ಹತ್ತಿರ ಅಲ್ಲಾಡಿಸಿ

ಟ್ಯಾಂಕ್ ಮೊಹಲ್ಲಾದ ನಾನೂರ ಹನ್ನೆರಡು ಮೀಟರುಗಳು
ನನಗೆ ಮುಖಗಳಿಗಿಂತ ಹೆಚ್ಚು ಗೊತ್ತು.
ಯಾರ ಮನೆಗೆ ನೆಂಟರು ಬಂದರು,
ಯಾರ ಗ್ರೈಂಡರು ಕೆಟ್ಟು ಒರಳು ಮತ್ತೆ ಕೆಲಸಕ್ಕೆ ಬಂತು,
ಎಲ್ಲ ಅಂಕಿಯಲ್ಲೇ ಬರುತ್ತದೆ.

ಆ ವರ್ಷ ಅಂಕಿಗಳು ಇಳಿಯತೊಡಗಿದವು.
ಕಚೇರಿಯ ಕಿಟಕಿಯಲ್ಲಿ ಬಿಲ್ಲು ತೋರಿಸಿದವರಿಗೆ
ಒಂಬತ್ತು ವ್ಯಾಟಿನ ಬಿಳಿ ಬಲ್ಬು, ಕಡಿಮೆ ದುಡ್ಡಿಗೆ.
ಸಾಲು ರಸ್ತೆ ದಾಟಿ ಬೇಕರಿಯ ಮುಂದೆ.
ತೊಂಬತ್ತಾರು ಇದ್ದದ್ದು ಎಪ್ಪತ್ತೊಂದು,
ಎಪ್ಪತ್ತೊಂದು ಇದ್ದದ್ದು ಐವತ್ತೆಂಟು.
ಜನ ಮೊದಲ ಸಲ ಕೂರಿಸಿ ಚಾ ಕೊಟ್ಟರು,
ನಾನೇ ಇಳಿಸಿದೆನೇನೋ ಎಂಬಂತೆ.

ನಮ್ಮ ಮನೆಗೂ ತಂದೆ. ಸುಳ್ಳು ಹೇಳಬಾರದು,
ಸಂಜೆ ಏಳಕ್ಕೆ ವೋಲ್ಟೇಜು ಬಿದ್ದಾಗ
ಕೆಂಪು ಹುಳದ ಹಾಗೆ ಮುದುಡುತ್ತಿತ್ತು ಹಳೇದು;
ಇದು ಹಾಗಲ್ಲ, ಒಂದೇ ಪಟ್ಟು.
ಅಕ್ಕಿಯಲ್ಲಿ ಕಲ್ಲು ಕಾಣುತ್ತೆ ಅಂದಳು ಹೆಂಡತಿ.
ಅಕ್ಕಿಯಲ್ಲಿ ಮಾತ್ರವೇ? ಹಳದಿ ಬೆಳಕು
ಹತ್ತು ವರ್ಷ ಮುಚ್ಚಿಟ್ಟ ಗೋಡೆಯ ಬೂಷ್ಟು,
ನನ್ನ ಅಂಗಿಯ ಕಾಲರು, ಅವಳ ಕಣ್ಣ ಕೆಳಗಿನ ಕಪ್ಪು
ಒಟ್ಟಿಗೆ ಕಂಡವು. ಆ ರಾತ್ರಿ ಊಟಕ್ಕೆ
ಯಾರೂ ಹೆಚ್ಚು ಮಾತಾಡಲಿಲ್ಲ.
ಭಾನುವಾರ ಸುಣ್ಣ ಬಳಿದೆವು.

ಇಳಿಯದೆ ಉಳಿದದ್ದು ಒಂದೇ ಮೀಟರು:
ಡೀಲಕ್ಸ್ ಸ್ಟುಡಿಯೊ. ಅರ್ಧ ಎಳೆದ ಬಾಗಿಲು,
ವಾರಕ್ಕೆ ಇಬ್ಬರು ಗಿರಾಕಿ, ಅದೂ ಪಾಸ್‌ಪೋರ್ಟ್ ಸೈಜು.
ಪಕ್ಕದವರು ಲೈನು ಕದ್ದಿರಬೇಕು ಎಂದು ಹೇಳಹೋದೆ.
ಖುರ್ಷಿದಾಬಿ ನಕ್ಕು ಮರದ ಬೀರು ತೆರೆದರು.

ಒಳಗೆ ನಲವತ್ತರ ಬಲ್ಬು ಉರಿಯುತ್ತಿತ್ತು, ಹಗಲು ಹನ್ನೊಂದಕ್ಕೆ,
ಯಾರ ಓದಿಗೂ ಅಲ್ಲ. ಸುತ್ತ ಏಳು ಲೆನ್ಸು,
ಗಂಡ ಇಟ್ಟುಹೋದ ಸಾಲಿನಲ್ಲೇ.
"ಗಾಜಿಗೂ ಬೂಷ್ಟು ಹಿಡಿಯುತ್ತೆ ಸಾರ್ ಈ ಮಳೇಲಿ,
ಜೇಡರಬಲೆ ಹಾಗೆ. ಹಿಡಿದರೆ ಬಿಡೋದಿಲ್ಲ.
ನಿಮ್ಮ ಹೊಸದನ್ನೂ ಹಾಕಿ ನೋಡಿದೆ.
ಚೆನ್ನಾಗಿ ಕಾಣಿಸುತ್ತೆ. ಬೆಚ್ಚಗಿಡಲ್ಲ."

ಕೆಳಗಿನ ಖಾನೆಯಲ್ಲಿ ಮೊಹಲ್ಲಾ ಎಸೆದ ಬಲ್ಬುಗಳು,
ಪೇಪರಿನಲ್ಲಿ ಸುತ್ತಿ, ಮೊಟ್ಟೆಗಳ ಹಾಗೆ.
ಒಂದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು.
ಕಿಣಿ ಎಂದಿತು. ಹೋಗಿದೆ.
ಆದರೂ ಎಸೆಯಲಿಲ್ಲ. ಮೇಜಿನ ಹೋಲ್ಡರಿಗೆ ಸಿಕ್ಕಿಸಿ
ಓರೆಯಾಗಿ, ತಲೆಕೆಳಗಾಗಿ, ಉಸಿರು ಹಿಡಿದು
ತಿರುಗಿಸಿದರು. ಮುರಿದ ತಂತಿಯ ಎರಡು ತುದಿ
ಒಳಗೆ ಒಂದನ್ನೊಂದು ಹುಡುಕಿ
ಮುಟ್ಟಿದವು.

ಅಂಟಿದ ತಂತಿ ಮೊದಲಿಗಿಂತ ಗಿಡ್ಡ,
ಅದಕ್ಕೇ ಮೊದಲಿಗಿಂತ ಜೋರು.
ಒಂದು ವಾರ, ಹೆಚ್ಚೆಂದರೆ ಎರಡು.
"ಅಷ್ಟರಲ್ಲಿ ಪುಷ್ಯದ ಮಳೆ ದಾಟುತ್ತೆ" ಅಂದರು.

ಷರಾಕ್ಕೆ ನನ್ನ ಯಂತ್ರದಲ್ಲಿ ನಾಲ್ಕೇ ಗುಂಡಿ:
ಬಾಗಿಲು ಹಾಕಿದೆ, ಮೀಟರು ನಿಂತಿದೆ,
ಗಾಜು ಮಸುಕು, ಸರಿ.
ಸರಿ ಒತ್ತಿದೆ.

ಬಿಲ್ಲು ಹರಿದು ಕೊಟ್ಟೆ.
ಬೀರುವಿನಲ್ಲಿ ಇಡಬೇಡಿ, ಅಂದೆ,
ಬಿಸಿಗೆ ಈ ಕಾಗದ ಕಪ್ಪಾಗುತ್ತೆ.