ಮೂರು ತಟ್ಟೆ

ಚೀಟಿ ಎತ್ತಿದ ದುಡ್ಡು, ಹನ್ನೊಂದು ಸಾವಿರ,
ಅಕ್ಕಿ ಡಬ್ಬಿಯ ತಳದಲ್ಲಿದೆ.
ಯಂತ್ರ ಆಗಲೇ ಬಂದಿದೆ, ಸೆಕೆಂಡ್ ಹ್ಯಾಂಡು.
ಮೋಟರು ತಿರುಗುತ್ತದೆ, ಮೇಲೆ ಕೂರಿಸಲು ತಟ್ಟೆಯಿಲ್ಲ.
ಎಳ್ಳು ಹಾಕದ ಗಾಣದಂತೆ ಸುಮ್ಮನೆ ಗುಂಯ್‌ಗುಡುತ್ತದೆ
ನಿಟ್ಟುವಳ್ಳಿಯ ಈ ಒಂದೂವರೆ ಕೋಣೆಯಲ್ಲಿ.

ಅಂಗಡಿಯವನ ಪಟ್ಟಿ ತೊಡೆಯ ಮೇಲೆ:
ಇನ್ನೂರ ಅರವತ್ತು, ಆರುನೂರು, ಸಾವಿರದಿನ್ನೂರು, ಮೂರು ಸಾವಿರ,
ಆಮೇಲೆ ತವರ, ತಾಮ್ರ, ಪಿಂಗಾಣಿ, ಅಕ್ರಿಲಿಕ್ಕು.
ಒಂದೊಂದರ ಎದುರಿಗೂ ಒಂದು ತಿಂಗಳ ಬಾಡಿಗೆ.

ನಂಬರು ನನಗೆ ಹೊಸದಲ್ಲ.
ಇಪ್ಪತ್ತೆಂಟು ವರ್ಷ ಮೊಸಾಯಿಕ್ ನೆಲ ಉಜ್ಜಿದವನು.
ಪಿ.ಜೆ. ಬಡಾವಣೆಯ ಎಷ್ಟೋ ಪಡಸಾಲೆಗಳು
ನನ್ನ ಅರವತ್ತರ, ನೂರಿಪ್ಪತ್ತರ ಕಲ್ಲಿನಡಿ
ಬೂದಿಗೆಸರು ಕಾರಿ ಕಾರಿ
ಕೊನೆಗೊಮ್ಮೆ ಮುಖ ತೋರಿಸಿದವು.
ಸೇರು ಒದ್ದು ಬಂದ ಸೊಸೆಯಂದಿರ ಕಾಲುಂಗುರ
ಅವುಗಳಲ್ಲಿ ಎರಡೆರಡಾಗಿ ಕಂಡಿತು.
ಆಮೇಲೆ ಟೈಲ್ಸು ಬಂತು. ಅಂಟಿಸಿದರೆ ಮುಗಿಯಿತು.
ಉಜ್ಜುವ ಯಂತ್ರ ಗುಜರಿಗೆ ಹೋಯಿತು,
ಕೆ.ಜಿ.ಗೆ ಇಪ್ಪತ್ತೆರಡು ರೂಪಾಯಿ.

ಈಗ ಅಂಗೈಯಲ್ಲೊಂದು ಕಲ್ಲು, ಹುಣಸೆಬೀಜದಷ್ಟು.
ರಸ್ತೆ ಅಗೆದ ಕಡೆ ಸಿಕ್ಕಿದ್ದು; ಬೆಣಚಿನ ಕುಲವೇ,
ಆದರೆ ದೀಪಕ್ಕೆ ಹಿಡಿದರೆ ಒಳಗೆ ತೆಳ್ಳನೆ ಚಹಾ.

ಮೊದಲು ಒರಟು, ಆಮೇಲೆ ನಯ, ಕಸುಬಿನ ಓನಾಮ.
"ಇನ್ನೂರ ಅರವತ್ತು ತರಿಸ್ತೀನಿ" ಅಂದೆ.
ಕಾವಲಿ ತಿಕ್ಕುತ್ತಿದ್ದ ಹಾಲಮ್ಮ ತಲೆ ಎತ್ತಲಿಲ್ಲ:
"ಹುಣಸೆಬೀಜ ಒಡಿಯಾಕೆ ಹಾರೆ ಬೇಕೇನು?"

ಜೈಪುರದ ಮುದುಕನೂ ಫೋನಿನಲ್ಲಿ ಅದನ್ನೇ ಹೇಳಿದ, ಹಿಂದಿಯಲ್ಲಿ.
ಒರಟು ತಟ್ಟೆ ಸಿಪ್ಪೆ ತೆಗೆದು ಸುಮ್ಮನಾಗುವುದಿಲ್ಲವಂತೆ,
ಸಿಪ್ಪೆಯ ಕೆಳಗೂ ಸಣ್ಣಗೆ ಬಿರುಕು ಬಿಟ್ಟಿರುತ್ತದೆ.
ಆಗ ಕಾಣದು. ಪಾಲಿಶಿನ ಹೊತ್ತಿಗೆ ಏಳುತ್ತದೆ,
ಮದುವೆ ಪಂಕ್ತಿಯಲ್ಲಿ ನೆನಪಾದ ಹಳೇ ಜಗಳದಂತೆ.

ಹಾಗಾಗಿ ಆರುನೂರು ಒಂದು, ಮೂರು ಸಾವಿರ ಒಂದು.
ನಡುವಿನ ಮೆಟ್ಟಿಲಿಗೆ ದುಡ್ಡಿಲ್ಲ, ಹೊತ್ತಿದೆ.
ತವರ ತಾಮ್ರವೆಲ್ಲ ಕೆಂಪು ನೀಲಿ ಹರಳಿನವರಿಗೆ ಇರಲಿ,
ನನ್ನದಕ್ಕೆ ಅಕ್ರಿಲಿಕ್ಕು ಸಾಕು, ಮೇಲಿಷ್ಟು ಸೀರಿಯಂ ಪುಡಿ.
ಗುಲಾಬಿ ಬಣ್ಣ. ನೀರಾಗಿಯೇ ಕಲಸಬೇಕು,
ಮಂದವಾದರೆ ಅಂಚು ದುಂಡಗಾಗಿ
ಚೀಪಿದ ಪೆಪ್ಪರಮಿಂಟು.

ಹೊಸ ಆರುನೂರು ಮೊದಲ ದಿನ ಕಲ್ಲನ್ನು ಕಚ್ಚಿತು.
"ಹೊಸ ಕಾವಲಿ ಮೊದಲ ದೋಸೆ ಎಬ್ಬಿಸ್ತೈತೇನ್ರೀ?
ಈರುಳ್ಳಿ ತಿಕ್ಕಬೇಕು, ಎಣ್ಣೆ ಕುಡಿಸಬೇಕು,
ನಾಕು ದೋಸೆ ನಾಯಿಗೆ ಹೋಗಬೇಕು."
ನಾಕು ಬೆಣಚುಕಲ್ಲು ಅದಕ್ಕೆ ಉಣ್ಣಿಸಿದೆ.
ಗರಗರ ಹೋಯಿತು. ಕಾದ ಕಾವಲಿಗೆ
ನೀರು ಚಿಮುಕಿಸಿದ ಸದ್ದು ಬಂತು. ಈಗ ಸರಿ.

ಆಮೇಲೆ ಗೀರು.
ಅಕ್ರಿಲಿಕ್ಕಿನ ಮೇಲೆ, ಇನ್ನೇನು ಆಯಿತು ಅನ್ನುವಾಗ,
ಒಂದೇ ಗೀರು; ಭೂತಗನ್ನಡಿಯಲ್ಲಿ ಹೆದ್ದಾರಿಯಷ್ಟು.
ತಟ್ಟೆ ತೊಳೆದೆ, ನೀರು ಬದಲಿಸಿದೆ.
ಮೂರು ಸಾವಿರಕ್ಕೆ ಹಿಂದಿರುಗಿ ಮತ್ತೆ ಬಂದೆ. ಮತ್ತೆ ಗೀರು.
ತಟ್ಟೆ ಕೊಟ್ಟವನಿಗೆ ಬೈದೆ, ಅವನ ಮನೆತನಕ್ಕೆ ಬೈದೆ.
ಮುದುಕ ಕೇಳಿದ್ದು ಒಂದೇ: ಮೈಮೇಲೆ ಏನಿದೆ?

ಅಂಗಿ. ಖಾಕಿ ಅಂಗಿ, ನೆಲದ ಕಾಲದ್ದು.
ಎಷ್ಟು ಒಗೆದರೂ ತೋಳಿನ ಹೊಲಿಗೆಯ ಸಂದಿಯಲ್ಲಿ
ನೂರಿಪ್ಪತ್ತರ ಪುಡಿ ಇನ್ನೂ ಕೂಲಿಗೆ ಕಾದು ಕೂತಿತ್ತು.
ಕೈ ಚಾಚಿದಾಗೊಮ್ಮೆ ಒಂದು ಕಣ ಇಳಿಯುತ್ತಿತ್ತು.
ಅದಕ್ಕೇನು ಗೊತ್ತು, ಕೆಲಸ ಬದಲಾದದ್ದು.

ಈಗ ಮಿಂದು, ಬನಿಯನ್ನಿನಲ್ಲಿ ಕೂರುತ್ತೇನೆ.
ಮೂರು ತಟ್ಟೆಗೆ ಮೂರು ಡಬ್ಬಿ, ಮೂರು ಚಿಂದಿ ಬಟ್ಟೆ.
ಇವತ್ತು ಒಂದು ಮುಖ ಆಯಿತು.
ಟ್ಯೂಬ್‌ಲೈಟು ಅದರಲ್ಲಿ ಎಲ್ಲೂ ಮುರಿಯದೆ ಮಲಗಿತು.
ಇನ್ನು ಐವತ್ತಾರು.

ಹಾಲಮ್ಮ ಕಾವಲಿ ಇಳಿಸಿ ನೋಡಲು ಬಂದಳು.
"ಕೈ ತೊಳಕೊಂಡು ಬಾ" ಅಂದೆ. ಬಂದಳು.
"ಇನ್ನೊಂದ್ಸಲ" ಅಂದೆ.
ಸೆರಗಿಗೆ ಕೈ ಒರೆಸದೆ, ಹಸಿಗೈ ಮುಂದೆ ಹಿಡಿದು ನಿಂತಳು:
"ಇಪ್ಪತ್ತೆಂಟು ವರ್ಷ, ಕೆಸರುಗಾಲಲ್ಲೇ ಅಡುಗೆಮನೆಗೆ ಬಂದ್ರಲ್ಲ,
ನಾನೇನಾರ ಅಂದೆನಾ?"