ಕೂಗಲಿಕ್ಕೊಂದು ಹೆಸರು

ಮೂರು ಹೆಜ್ಜಿ ಮುಂದ, ಬಲಗೈ ತುಟಿ ತನಕ,
ಅಲ್ಲೇ ನಿಂತು, ಕುತ್ತಿಗಿ ಓರೆ ಮಾಡಿ
ಅಂಗೈಯಾಗ ಇಣುಕಿ ನೋಡಿ
ಕಿರುಬೆರಳಲೆ ಏನೋ ಚಿಮ್ಮಿ
ಒಂದೂವರಿ ಹೆಜ್ಜಿ ಹಿಂದ.

ಇಷ್ಟ. ಸಾಬಣ್ಣ ಮುತ್ಯಾ ಕಟ್ಟಿದ ಹೊಸಾ ಹೆಜ್ಜಿ.
ಹ್ಯಾಂಗ ಹುಟ್ಟಿತು ಅಂದರ ಹೇಳಂಗಿಲ್ಲ.
ಎಪ್ಪತ್ತರ ಮೊಣಕಾಲು ತಪ್ಪಿದ್ದನ್ನ
ಬೇಕಂತಲೇ ತಪ್ಪಿಸಿದಂಗ ಮಾಡ್ಯಾನ ಅಂತ
ನನಗೊಂದು ಗುಮಾನಿ.

ಕುಣಿಯವರಿಗಿ ಹೆಸರು ಬ್ಯಾಡ, ಕಾಲಿಗಿ ಗೊತ್ತಿದ್ದರ ಸಾಕು.
ಹಲಗಿ ಬಡಿಯಾವ ನಾನು, ನನಗ ಬೇಕು.
ವಡಗೇರಾದ ಓಣ್ಯಾಗ ನಲವತ್ತು ಮಂದಿ, ಹೊಗಿ, ಕತ್ತಲ,
ಅಲಾಯಿ ಕುಣ್ಯಾಗ ಜಾಲಿ ಕೊಳ್ಳಿ ಚಟಪಟ.
ಎರಡು ಪೆಟ್ಟಿನ ನಡುವಿನ ಸಂದ್ಯಾಗ
ತೂರಿ ಹೋಗೋ ಹೆಸರು ಬೇಕು,
ಒದರಿದ ಕೂಡಲೇ ಎಂಬತ್ತು ಕಾಲು ಹೊಳ್ಳಬೇಕು.

ಹಳೇವು ಇದ್ದಾವ: ಕುದುರಿಗಾಲು, ಗಾಣದೆತ್ತು, ಗುಬ್ಬಿಜಿಗತ.
ಯಾರು ಇಟ್ಟರೋ, ನಾಲಿಗಿಗಿ ರೂಢಿ ಆಗ್ಯಾವ.
ಇದಕ್ಕ ಮುತ್ಯಾ ಅಂದ, 'ವೀರಗಂಭೀರ ಮರಳುಹೆಜ್ಜಿ ಅನ್ನು.'
ಅದನ್ನ ಒದರಿ ಮುಗಸೂದರಾಗ
ಪಾಶ್ಯಾನ ಕಾಲು ಭೀಮರಾಯನ ಕಾಲ ಮ್ಯಾಗಿತ್ತು.
ಯಾದಗಿರಿ ಕಾಲೇಜಿಗಿ ಹೋಗೋ ದಸ್ತಗೀರ
'ಟಂಟಂ ರಿವರ್ಸ್' ಅಂದ. ಖರೇನ ನಕ್ಕಿವಿ.
ಆದರ ಟಂ ಟಂ ಅಂದಾಗೆಲ್ಲ
ಹಲಗಿ ಪೆಟ್ಟ ಅಂತ ತಿಳಿದು
ಸಣ್ಣ ಹುಡುಗರು ಮುಂದಕ್ಕೇ ಹೋದರು.
'ಬೀಗರು ಬಂದ್ರು' ಅನ್ನೂನು ಅಂದ ಹಣಮ್ಯಾ.
ಒಂದ ಸಲ ಅಂದೆ.
ಅರ್ಧ ಮೇಳ ಅಗಸಿ ಕಡಿ ತಿರುಗಿ ನೋಡಿತು.

ಎರಡು ದಿನ, ಹೆಸರಿಡದ ಕೂಸಿನಂಗ
'ಅದು', 'ಅದೇ', 'ಅದಲೇ' ಅನಿಸಿಕೋತ ಇತ್ತು ಹೆಜ್ಜಿ.

ಮೂರನೇ ಸಂಜಿ, ಫರ್ಸಿ ಕಟ್ಟಿ ಮ್ಯಾಗ
ತೊಗರಿ ಹಸನ ಮಾಡಕೋತ ಕುಂತ ಮೌಲಮ್ಮಾಯಿ
ಮೊರ ತೆಳಗಿಟ್ಟು ಕೇಳಿದಳು:
'ಯಾಕ್ರೋ ಎಪ್ಪಾ,
ಎಲ್ಲಾರ ಚಾದಾಗೂ ಒಮ್ಮೇ ನೊಣ ಬಿತ್ತೇನು?'

ಹಲಗಿ ನಿಂತಿತು.
ಆಮ್ಯಾಲ ಕೈ ನನ್ನ ಕೇಳದೇ ಬಡೀತು:
ಚಾ-ದಾಗ ನೊಣ. ಚಾ-ದಾಗ ನೊಣ.
ಇಷ್ಟು ವರ್ಷ ಈ ಚರ್ಮ ಅದನ್ನೇ ನುಡೀತಿತ್ತೇನೋ!

ಮುತ್ಯಾ ಮಾರಿ ಸಣ್ಣ ಮಾಡಿದ. ಎದ್ದು ಹೋದ.
ಟವೆಲ್ ಕಟ್ಟಿ ಮ್ಯಾಗೇ ಉಳೀತು.
ಒಂದು ಆಯುಷ್ಯ ಕುಣಿದು
ಕಡೀಕ ಕಟ್ಟಿದ ಒಂದ ಒಂದು ಹೆಜ್ಜಿ,
ಅದಕ್ಕ ನೊಣದ ಹೆಸರು.
ಆ ರಾತ್ರಿ ನನಗೂ ರೊಟ್ಟಿ ಸೇರಲಿಲ್ಲ.

ಕತ್ತಲರಾತ್ರಿ. ಕುಣಿ ಸುತ್ತ ಊರಿಗೂರೇ.
ಅವನ ಸಲುವಾಗಿ ಬಾಯಿ ಬಿಗಿಹಿಡಿದೆ.
ಹೆಜ್ಜಿ ಬರೋ ಪೆಟ್ಟು ಬಂತು, ದಾಟಿತು.
ಮತ್ತ ಬಂತು.
ಆವಾಗ ಹೊಗಿ ಆ ಕಡಿಂದ
ಬೋಳು ದವಡಿಯ ಸೀಳುದನಿ ಒಂದು:
'ಚಾದಾಗ ನೊಣ!
ಯಾಕಲೇ ಹಲಗಿ, ಬಾಯಿ ಬಿದ್ದದೇನು?'
ಎಂಬತ್ತು ಕಾಲು ಹೊಳ್ಳಿದವು.
ಎಲ್ಲಾರಕಿಂತ ಮೊದಲು ನೊಣ ಚಿಮ್ಮಿದವ ಅವನೇ.

ಈಗ ಬಾಜೂ ಊರವರೂ ಕುಣೀತಾರ,
'ಚಾದಾಗ ಬೆಣ್ಣಿ' ಅಂತಾರಂತ. ಅನ್ನಲಿ.
ಮೌಲಮ್ಮಾಯಿಗಿ ಮಾತ್ರ ಏನೂ ನೆನಪಿಲ್ಲ.
ಮನಿಗಿ ಹೋದರ ಬಶಿ ತುಂಬ ಚಾ ಹಾಕತಾಳ,
ಕೊಡೂಕಿಂತ ಮೊದಲು ಕುತ್ತಿಗಿ ಓರೆ ಮಾಡಿ
ಒಮ್ಮೆ ಇಣುಕತಾಳ.
ಬಶಿ ಅಂಚಿಗಿ ನನ್ನ ಬೆರಳು
ಸುಮ್ಮ ಎರಡು ಪೆಟ್ಟು ಬಡೀತಾವ.